ಹಿಂದಿನಿಂದ ಹೇಳಿಕೊಡುತ್ತಿದ್ದವರು

ಕಾಲೇಜಿಗೆ ರಜೆ ಸಿಕ್ಕಿ ಮಂಗಳೂರಿನಿಂದ ಸೌದಿಯ ಜುಬೈಲಿನ ಮನೆಗೆ ಬಂದವನನ್ನು ಉಪ್ಪ ಮೊನ್ನೆ ಶುಕ್ರವಾರ ಅಲ್ ಅಹ್ಸಾಕ್ಕೆ ಎಳೆದುಕೊಂಡು ಹೋದರು. ಹೊಸ ಖರ್ಜೂರ ಬಂದಿದೆಯಂತೆ, ತೋಟದವರ ಕೈಯಿಂದಲೇ ತಗೊಂಡರೆ ಒಳ್ಳೆಯದು ಸಿಗುತ್ತದಂತೆ. ಒಂದು ಪೆಟ್ಟಿಗೆ ಖರ್ಜೂರಕ್ಕೆ ಇಬ್ಬರು ಗಂಡಸರು ಬೇಕಾ ಎಂದು ಕೇಳಿದ್ದಕ್ಕೆ, "ಎತ್ತುವುದು ನೀನು. ನಾನು ಬರುವುದು ನೀನು ಬೀಳಿಸದ ಹಾಗೆ ನೋಡಲಿಕ್ಕೆ" ಎಂದರು. ಅಪ್ಪನಿಗೆ ನನ್ನ ಮೇಲಿರುವ ಭರವಸೆ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ.

ಪೆಟ್ಟಿಗೆಯನ್ನು ಒಂದೇ ಸಲ ಬೀಳಿಸಿ ಡಿಕ್ಕಿಗೆ ಹಾಕಿದ ಮೇಲೆ ಕಾರಿನಲ್ಲಿ ಕೂತಿದ್ದ ಉಮ್ಮನಿಗೆ ಕುಚ್ಚಲಕ್ಕಿ ನೆನಪಾಯಿತು. ಅಲ್ಲಿಯ ಪಟ್ಟಣ ಹುಫೂಫಿನ ಒಂದು ಓಣಿಯಲ್ಲಿ ಊರಿನ ಸಾಮಾನು ಸಿಗುವ ಅಂಗಡಿ ಉಂಟು. ಉಪ್ಪ ಕಾರನ್ನು ಎದುರಿಗೇ ನಿಲ್ಲಿಸಿ, "ಯಲ್ಲಾ, ಓಡು" ಎಂದರು. ಓಡಿದೆ. ಒಳಗೆ ಹೋದವನು ಅಕ್ಕಿ ಮರೆತು ಹಪ್ಪಳದ ಮುಂದೆ ನಿಂತಿದ್ದೆ. ಆಗ ಆಚೆ ಸಾಲಿನಿಂದ ಒಂದು ಹೆಂಗಸಿನ ದನಿ ಬಂತು:

"ಈ ಬೆಲ್ಲ ಹಳೇದು ಕಣ್ರೀ. ನೋಡಿ, ಬೂಸಲು ವಾಸನೆ ಬರ್ತಿದೆ. ಹೊಸದಿದ್ರೆ ಕೊಡಿ."

ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಬಲಗೈ ಬೆರಳು ಗಾಳಿಯಲ್ಲಿ ಮ್ಯೂಟ್ ಬಟನ್ ಹುಡುಕಿತು. ಸತ್ಯವಾಗಿಯೂ. ಅದು ಸುಮಿತ್ರಾ ಟೀಚರ್ ದನಿ. ಮುಖ ನೋಡಿ ಗುರುತು ಹಿಡಿದೆ ಎಂದು ತಿಳಿಯಬೇಡಿ. ನನಗೆ ಅ ಆ ಇ ಈಯಿಂದ ಕನ್ನಡ ಕಲಿಸಿದ ಆ ಟೀಚರ್ ಮುಖವನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ರೋಗ ಬಂದು ಶಾಲೆಗಳೆಲ್ಲ ಮುಚ್ಚಿದ್ದವಲ್ಲ, ಆ ಕಾಲದ ಮಾತು. ನಮ್ಮ ಇಂಡಿಯನ್ ಸ್ಕೂಲಿನ ಮ್ಯಾನೇಜ್‌ಮೆಂಟಿಗೆ ಸೌದಿಯ ಬೇರೆ ಬೇರೆ ಊರುಗಳಲ್ಲಿ ಶಾಲೆಗಳಿದ್ದವು. ಅರ್ಧದಷ್ಟು ಟೀಚರುಗಳು ಎಕ್ಸಿಟ್ ಹೊಡೆದು ಊರು ಸೇರಿದ್ದರಿಂದ ಎಲ್ಲ ಊರಿನ ಮಕ್ಕಳನ್ನೂ ಒಂದೇ ಆನ್‌ಲೈನ್ ಕ್ಲಾಸಿಗೆ ತುಂಬಿದರು. ಹುಡುಗರು, ಹುಡುಗಿಯರು, ಜುಬೈಲಿನವರು, ಅಲ್ ಅಹ್ಸಾದವರು ಎಲ್ಲ ಒಂದೇ ಸಾಂಬಾರು. ಆಗ ಯಾರಿಗೋ ಹೊಳೆಯಿತು: ಒಂದೊಂದು ಊರಿನಲ್ಲಿ ನೋಡಿದರೆ ಕನ್ನಡದ ಮಕ್ಕಳು ಬೆರಳೆಣಿಕೆ, ಎಲ್ಲ ತರಗತಿಯವರನ್ನೂ ಸೇರಿಸಿದರೆ ಒಂದು ಕ್ಲಾಸಿಗೆ ಆಗುತ್ತಾರೆ. ಹಾಗೆ ಮೂರನೇ ಭಾಷೆಯಾಗಿ ಕನ್ನಡ ಬಂತು. ಹುಫೂಫಿನಲ್ಲಿ ಗಂಡನ ವಾಸದ ಪರವಾನಗಿ ಇಕಾಮಾದ ಮೇಲೆ ಬಂದು ಮನೆಯಲ್ಲಿ ಕೂತಿದ್ದ ಮೈಸೂರಿನ ಸುಮಿತ್ರಾ ಟೀಚರ್‌ಗೆ ಕೆಲಸ ಸಿಕ್ಕಿತು.

ನಾನು ಕನ್ನಡ ತಗೊಂಡದ್ದು ಭಾಷೆಯ ಮೇಲಿನ ಪ್ರೀತಿಯಿಂದ ಅಲ್ಲ, ಅದಕ್ಕೆ ಪರೀಕ್ಷೆ ಇಲ್ಲವಂತೆ ಎಂದು ಯಾರೋ ಹೇಳಿದ್ದರಿಂದ. ಪರೀಕ್ಷೆ ಇತ್ತು. ಮನೆಯಲ್ಲಿ ನಾವು ಬ್ಯಾರಿ ಮಾತಾಡುವವರು, ಶಾಲೆಯಲ್ಲಿ ಇಂಗ್ಲಿಷು, ಮೂಲೆಯ ಕಿರಾಣಿ ಬಕಾಲದಲ್ಲಿ ಹಿಂದಿ. ನನ್ನ ಹತ್ತಿರ ಇದ್ದ ಕನ್ನಡ ಊರಿಗೆ ಹೋದಾಗ ರಿಕ್ಷಾಕ್ಕೆ ಸಾಕಾಗುವಷ್ಟು: ಎಷ್ಟಾಯ್ತು, ಇಲ್ಲೇ ನಿಲ್ಲಿಸಿ, ಚಿಲ್ಲರೆ ಇಲ್ಲ. ಮೊದಲ ಕ್ಲಾಸಿನಲ್ಲಿ ಟೀಚರ್ "ನಿನ್ನ ಪರಿಚಯ ಹೇಳಪ್ಪಾ" ಎಂದಾಗ ನಾನು ಗಂಭೀರವಾಗಿ "ನಾನು ಸಫ್ವಾನ್, ನನಗೆ ಒಂದು ತಂಗಿ ಆಗಿದೆ" ಎಂದೆ. ತಂಗಿ ಶಿಫಾ ಪಕ್ಕದ ಕೋಣೆಯಿಂದ ಅದೇ ಕ್ಲಾಸಿನಲ್ಲಿದ್ದಳು. "ಟೀಚರ್, ನಾನು ಕಾಯಿಲೆ ಅಲ್ಲ" ಎಂದಳು. ಅವಳು ಚಿಕ್ಕವಳು, ಆದರೆ ಅವಳ ಕನ್ನಡ ನನ್ನದಕ್ಕಿಂತ ದೊಡ್ಡದಿತ್ತು.

ಕ್ಯಾಮೆರಾ ಯಾರೂ ಹಾಕಬಾರದು ಎಂಬ ನಿಯಮ. ಹುಡುಗರೂ ಹುಡುಗಿಯರೂ ಒಟ್ಟಿಗೆ ಇದ್ದ ಕಾರಣ ಟೀಚರೂ ಹಾಕುವ ಹಾಗಿಲ್ಲ. ಹಾಗಾಗಿ ನಮಗೆ ಟೀಚರ್ ಅಂದರೆ ಒಂದು ದನಿ, ಒಂದು ಮಿಕ್ಸಿ ಶಬ್ದ, ಆಗಾಗ "ಬಂದೆ, ಹಾಲು ಉಕ್ಕಿತು" ಎನ್ನುವ ಓಟ. ಕ್ಲಾಸು ಮಧ್ಯಾಹ್ನದ ಹೊತ್ತಿಗೆ. ನಡುವೆ ಮಸೀದಿಯ ಬಾಂಗ್ ಆಗುತ್ತಿತ್ತು. ಜುಬೈಲಿನದ್ದು ನಮ್ಮ ಕಿಟಕಿಯಿಂದ, ಹುಫೂಫಿನದ್ದು ಟೀಚರ್ ಮೈಕಿನಿಂದ, ಎರಡೂ ಹೆಚ್ಚುಕಡಿಮೆ ಜೊತೆಗೇ. ಟೀಚರ್ ಪಾಠ ನಿಲ್ಲಿಸುತ್ತಿದ್ದರು. ಮುಗಿದು ಪಾಠ ಬಿಸಿಯಾಗುವಷ್ಟರಲ್ಲಿ ತಾಯಿಫಿನ ಬಾಂಗ್. ಅಲ್ಲಿ ಸೂರ್ಯ ನಿಧಾನ. ಅಲ್ಲಿಂದ ಇದ್ದವನು ಚೇತನ್ ಒಬ್ಬನೇ, ಅವನ ಅಮ್ಮ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸು. "ನಿಂದೊಂದು ಬೇರೆ ಟೈಮು ಕಣೋ ಚೇತನ್" ಎನ್ನುತ್ತಾ ಟೀಚರ್ ಅವನ ಬಾಂಗಿಗೂ ಪಾಠ ನಿಲ್ಲಿಸುತ್ತಿದ್ದರು. ಮೈಕ್ ಆಫ್ ಮಾಡು ಅಂತ ಅವನಿಗೆ ಒಂದು ದಿನವೂ ಹೇಳಲಿಲ್ಲ.

ನಮ್ಮ ಮನೆಯ ಅಡುಗೆಕೋಣೆಗೂ ಹಾಲಿಗೂ ನಡುವೆ ಇರುವುದು ಅರ್ಧ ಗೋಡೆ. ನಾನು ಹಾಲಿನಲ್ಲಿ ಲ್ಯಾಪ್‌ಟಾಪ್ ಮುಂದೆ, ಉಮ್ಮ ಗೋಡೆಯಾಚೆ ಮೀನಿನ ಮುಂದೆ. ಉಮ್ಮ ಊರಿನ ಸರಕಾರಿ ಶಾಲೆಯಲ್ಲಿ ಏಳನೆಯವರೆಗೆ ಕನ್ನಡದಲ್ಲೇ ಓದಿದವರು. ಆಮೇಲೆ ಯಾರೂ ಕಳಿಸಲಿಲ್ಲ. ಈ ವಿಷಯ ನನಗೆ ಗೊತ್ತಾದದ್ದೇ ಆ ವರ್ಷ. ಟೀಚರ್ ಪ್ರಶ್ನೆ ಕೇಳಿದ ಕೂಡಲೇ ಒಗ್ಗರಣೆಯ ಚಟಪಟದ ನಡುವಿನಿಂದ ಉತ್ತರ ಬರುತ್ತಿತ್ತು. ನಾನು ಗಿಳಿಯ ಹಾಗೆ ಅದನ್ನೇ ಮೈಕಿಗೆ ಹೇಳುತ್ತಿದ್ದೆ. ಒಂದು ದಿನ ಟೀಚರ್, "ಮನೆಯಲ್ಲಿ ಈಗ ಏನು ನಡೀತಿದೆ, ನಾಲ್ಕು ವಾಕ್ಯ ಹೇಳು" ಎಂದರು. ಉಮ್ಮ ಹಿಂದಿನಿಂದ ಹೇಳಿದ್ದನ್ನು ಹಾಗೇ ಒಪ್ಪಿಸಿದೆ: "ಬಂಗುಡೆಯ ಹೊಟ್ಟೆ ಸೀಳಿ ತೊಳೆಯುತ್ತಿದ್ದೇನೆ. ನನ್ನ ಬಳೆಗೆ ಮೀನಿನ ಹುರುಪೆ ಅಂಟಿದೆ."

ಟೀಚರ್ ಮಿಕ್ಸಿ ನಿಲ್ಲಿಸಿದರು.

"ನೀನು ಬಳೆ ಹಾಕ್ತೀಯೇನೋ?"

ಇಡೀ ಸೌದಿ ಅರೇಬಿಯಾ ನಕ್ಕಿತು. ತಾಯಿಫಿನ ಚೇತನ್ ಕೂಡ, ನೆಟ್‌ವರ್ಕ್ ನಿಧಾನವಾದ ಕಾರಣ ಎಲ್ಲರ ನಗು ಮುಗಿದ ಮೇಲೆ ಒಬ್ಬನೇ.

"ನಿನ್ನ ಹಿಂದಿನಿಂದ ಯಾರೋ ಹೇಳಿಕೊಡ್ತಿದಾರಲ್ಲ, ಮಾರ್ಕ್ಸ್ ಅವರಿಗೇ ಕೊಡ್ತೀನಿ" ಎಂದರು ಟೀಚರ್. "ಯಾರಮ್ಮಾ ಅದು? ಅಮ್ಮನಾ? ಚೆನ್ನಾಗಿ ಹೇಳಿದ್ರಿ ಕಣ್ರೀ. ಹುರುಪೆ ಅನ್ನೋ ಮಾತು ನಮ್ಮ ಪಟ್ಟಣದ ಮಕ್ಕಳಿಗೆ ಎಲ್ಲಿ ಬರುತ್ತೆ?"

ಉಮ್ಮ ನಾಚಿ ಬಾಗಿಲ ಹಿಂದೆ ಹೋದರು. ಮರುದಿನ ಕ್ಲಾಸಿನ ಹೊತ್ತಿಗೆ ಮುಂಚೆಯೇ ಮೀನು ತೊಳೆದಿಟ್ಟು, ಕೈ ಒರೆಸಿಕೊಂಡು, ಅರ್ಧ ಗೋಡೆಯ ಈಚೆಗೆ ಸ್ಟೂಲು ಎಳೆದುಕೊಂಡು ಕೂತಿದ್ದರು. ಅಲ್ಲಿಂದ ಮುಂದೆ ಕ್ಲಾಸಿನ ಹೊತ್ತಿಗೆ ನಮ್ಮ ಮನೆಯ ಒಲೆ ಉರಿಯಲೇ ಇಲ್ಲ. ಉಪ್ಪ ಪ್ಲಾಂಟಿನಿಂದ ಕಂಪನಿ ಬಸ್ಸಿನಲ್ಲಿ ಬರುವಾಗ ಸಂಜೆ. ಅವರಿಗೆ ಇದು ಯಾವುದೂ ಗೊತ್ತಿರಲಿಲ್ಲ.

ಆಮೇಲೆ ಶಾಲೆ ತೆರೆಯಿತು. ಸೆಪ್ಟೆಂಬರಿನ ಸೆಕೆ. ಜುಬೈಲಿನ ಆ ಸೆಕೆಗೆ ಸಮುದ್ರದ ಉಪ್ಪೂ ಪ್ಲಾಂಟಿನ ವಾಸನೆಯೂ ಸೇರಿರುತ್ತದೆ. ಮಾಸ್ಕ್ ಹಾಕಿದರೆ ಮುಖಕ್ಕೆ ಯಾರೋ ಬಿಸಿ ಕಂಬಳಿ ಸುತ್ತಿದ ಹಾಗೆ. ಗೇಟಿನಲ್ಲಿ ಬೆಲೂನು, "ವೆಲ್‌ಕಮ್ ಬ್ಯಾಕ್" ಬ್ಯಾನರು, ಎರಡೂ ಡೋಸ್ ಆಗಿದೆಯೆಂದು ಫೋನಿನಲ್ಲಿ ಹಸಿರು ತೋರಿಸಿದವನಿಗೆ ಒಂದು ಚಾಕಲೇಟು. ಅಷ್ಟು ವರ್ಷ ಫೋನು ತಂದವರನ್ನು ಹೊರಗೆ ಹಾಕುತ್ತಿದ್ದ ಗೇಟು, ಈಗ ಫೋನು ಇಲ್ಲದವನನ್ನು ಹೊರಗೆ ಹಾಕುತ್ತಿತ್ತು.

ಹೋಗುವಾಗ ಮಕ್ಕಳಾಗಿದ್ದವರೆಲ್ಲ ಮಾಸ್ಕಿನೊಳಗೆ ಮೀಸೆ ಇಟ್ಟುಕೊಂಡು ಬಂದಿದ್ದರು. ನಾನು ಮಾತ್ರ ಹೋದ ಹಾಗೆಯೇ ಬಂದಿದ್ದೆ, ಅದೇ ಎತ್ತರ, ಅದೇ ಕೀಚು ದನಿ. ನನ್ನ ಹಳೆಯ ಬೆಂಚುಗೆಳೆಯನೆಂದು ಓಡಿಹೋಗಿ ಒಬ್ಬನನ್ನು ಹಿಂದಿನಿಂದ ತಬ್ಬಿಕೊಂಡೆ. ಅವರು ಹೊಸ ಫಿಸಿಕ್ಸ್ ಸರ್. "ಸೋಶಿಯಲ್ ಡಿಸ್ಟೆನ್ಸ್" ಎಂದು ಮೆಲ್ಲಗೆ ನನ್ನ ಕೈ ಬಿಡಿಸಿಕೊಂಡರು. ಹಳೆಯ ಗೆಳೆಯ ಅಲ್ಲಿರಲೇ ಇಲ್ಲ. ಅವನ ಅಪ್ಪನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ ಕಫೀಲ್ ಇಕಾಮಾ ಮಾಡಿಕೊಡಲಿಲ್ಲವಂತೆ, ಎಲ್ಲರೂ ಎಕ್ಸಿಟ್. ಅಂಥ ಖಾಲಿ ಬೆಂಚುಗಳು ಎಷ್ಟೋ ಇದ್ದವು. ಎಲ್ಲದರ ಮೇಲೂ 'ಇಲ್ಲಿ ಕೂರಬೇಡಿ' ಎಂಬ ಚೀಟಿ. ಅಂತರ ಕಾಪಾಡಲಿಕ್ಕೆ ಅಂಟಿಸಿದ್ದು, ಆದರೆ ಹೋದವರ ಜಾಗಕ್ಕೇ ಹುಡುಕಿ ಅಂಟಿಸಿದ ಹಾಗೆ ಕಾಣುತ್ತಿತ್ತು.

ಕನ್ನಡದ ಕ್ಲಾಸು ಮೊದಲ ವಾರವೇ ಹರಿದುಹೋಯಿತು. ಆಯಾ ಊರಿನ ಮಕ್ಕಳು ಆಯಾ ಊರಿನ ಶಾಲೆಗೆ. ತಾಯಿಫಿನಲ್ಲಿ ಕನ್ನಡ ಕಲಿಸುವವರಿಲ್ಲ. ಚೇತನ್ ನನಗೆ ಮೆಸೇಜು ಹಾಕಿದ: "ಮಾರಾಯಾ, ನನಗೆ ಅರಬ್ಬಿ ಎಕ್ಸ್‌ಟ್ರಾ ಕೊಟ್ಟಿದ್ದಾರೆ. ಟೀಚರಿಗೆ ಹೇಳು." ಮಾರಾಯ ಎನ್ನಲಿಕ್ಕೆ ಅವನಿಗೆ ಕಲಿಸಿದ್ದು ನಾನು. ತುಮಕೂರಿನವನ ಬಾಯಲ್ಲಿ ಅದು ಬಾಡಿಗೆಗೆ ತಂದ ಕೋಟಿನ ಹಾಗೆ ಇರುತ್ತಿತ್ತು.

ಅಲ್ ಅಹ್ಸಾದ ಮಕ್ಕಳು ಒಂದು ಕ್ಲಾಸಿಗೆ ಸಾಲಲಿಲ್ಲ. ಉಳಿದದ್ದು ಜುಬೈಲಿನ ನಾವು. ನಮ್ಮಲ್ಲೂ ಹುಡುಗರ ಕಟ್ಟಡ ಬೇರೆ, ಹುಡುಗಿಯರದ್ದು ಬೇರೆ, ನಡುವೆ ಗೋಡೆ. ಹುಡುಗರಿಗೆ ಸರ್, ಹುಡುಗಿಯರಿಗೆ ಟೀಚರ್. ಇದು ಮೊದಲಿನಿಂದ ಇದ್ದದ್ದೇ, ಯಾರಿಗೂ ಹೊಸದಲ್ಲ. ಸ್ಕ್ರೀನಿನಲ್ಲಿ ಒಂದು ವರ್ಷದ ಮೇಲೆ ಕೂತವರಿಗೆ ಗೋಡೆ ಮರೆತಿತ್ತು ಅಷ್ಟೆ. ಸುಮಿತ್ರಾ ಟೀಚರ್ ಹಟ ಮಾಡಿದರು: ನಾನೇ ಬರುತ್ತೇನೆ, ವಾರಕ್ಕೆ ಎರಡು ದಿನ. ಡ್ರೈವಿಂಗ್ ಲೈಸೆನ್ಸ್ ಹೊಸದಾಗಿ ತಗೊಂಡಿದ್ದರು. ಹುಫೂಫಿನಿಂದ ಜುಬೈಲಿಗೆ ಮರಳು, ಲಾರಿ, ಒಂಟೆ ದಾಟಿ ಒಬ್ಬರೇ ಕಾರು ಓಡಿಸಿಕೊಂಡು ಬಂದರು. ಅಷ್ಟು ದೂರ ಬಂದವರಿಗೆ ನಮ್ಮ ಅಂಗಳ ದಾಟಲಿಕ್ಕಿಲ್ಲ. ಅವರು ಹುಡುಗಿಯರ ಕಟ್ಟಡದಲ್ಲಿ ಕೂತು ಎದುರಿಗೆ ಹುಡುಗಿಯರಿಗೆ ಪಾಠ ಮಾಡುವುದು, ಅದೇ ಪಾಠವನ್ನು ಹುಡುಗರು ನಮ್ಮ ಕಟ್ಟಡದ ಕಂಪ್ಯೂಟರ್ ಲ್ಯಾಬಿನಲ್ಲಿ ಸ್ಪೀಕರಿನಿಂದ ಕೇಳಿ ಮೈಕಿನಲ್ಲಿ ಉತ್ತರ ಹೇಳುವುದು ಎಂದು ವ್ಯವಸ್ಥೆಯಾಯಿತು.

ಅಂದರೆ ನಾವು ಆಫ್‌ಲೈನಿಗೆ ಬಂದು ಆನ್‌ಲೈನ್ ಕ್ಲಾಸು ಕೇಳುತ್ತಿದ್ದೆವು, ಟೀಚರ್ ಕಲ್ಲು ಎಸೆದರೆ ಮುಟ್ಟುವ ದೂರದಲ್ಲಿ.

ಸ್ಪೀಕರಿನ ಉಸ್ತುವಾರಿ ನನಗೆ. ಯಾರೋ ನನ್ನನ್ನು ಟೆಕ್ನಿಕಲ್ ಹುಡುಗ ಎಂದು ತಪ್ಪು ತಿಳಿದಿದ್ದರು. ಮೊದಲ ದಿನ ಬೇರೆ ಪಿನ್ನು ಚುಚ್ಚಿ ಇಡೀ ಕಟ್ಟಡದ ಮೈಕಿಗೆ ಟೀಚರ್ ದನಿ ಬಿಟ್ಟೆ. ಹನ್ನೆರಡನೆಯವರ ಕೆಮಿಸ್ಟ್ರಿ ಪರೀಕ್ಷೆಗೆ "ಕಾಗುಣಿತ ಯಾರು ಹೇಳ್ತೀರಾ?" ಎಂಬ ಪ್ರಶ್ನೆ ಹೋಯಿತು. ಎರಡನೆಯ ದಿನ ಕಿಟಕಿ ತೆರೆದೆ. ಟೀಚರ್ ಕೋಣೆಯ ಕಿಟಕಿಯೂ ತೆರೆದಿತ್ತು. ಮೊದಲು ಗಾಳಿಯಲ್ಲಿ ನಿಜವಾದ ದನಿ ಬಂತು, ಒಂದು ಉಸಿರು ಬಿಟ್ಟು ಅದೇ ಮಾತು ಸ್ಪೀಕರಿನಲ್ಲಿ. ನಾನು ಸ್ಪೀಕರು ಸಣ್ಣ ಮಾಡಿದೆ. ಎಲ್ಲರೂ ಕಿಟಕಿಯ ಹತ್ತಿರ ಬಂದು ಕೂತೆವು. ಆಚೆ ಕಡೆಗೂ ಗೊತ್ತಾಗಿರಬೇಕು, ಟೀಚರ್ ದನಿ ಸ್ವಲ್ಪ ದೊಡ್ಡದಾಯಿತು. ಒಂದೆರಡು ವಾರ ಹಾಗೇ ನಡೆಯಿತು. ಆಮೇಲೆ ಕಿಟಕಿಗೆ ಟೇಪು ಬಂತು. ಎಸಿ ಹಾಳಾಗುತ್ತದಂತೆ.

"ಟೀಚರ್ ನೋಡಲಿಕ್ಕೆ ಹೇಗಿದ್ದಾರೆ?" ಎಂದು ಶಿಫಾಳನ್ನು ದಿನಾ ಕೇಳುತ್ತಿದ್ದೆ. ಅವಳಿಗೆ ಮುಖ ಕಾಣುತ್ತಿತ್ತಲ್ಲ.

"ನಿನಗೆಂತಕೆ ಕಾಕಾ?" ಅಣ್ಣನಿಗೆ ನಮ್ಮಲ್ಲಿ ಕಾಕ ಎನ್ನುವುದು. "ಉದ್ದ ಇದ್ದಾರೆ. ಕನ್ನಡಕ ಉಂಟು. ನಿನ್ನ ಹೆಸರು ಕೇಳಿದ್ರೆ ತಲೆಗೆ ಕೈ ಇಡ್ತಾರೆ."

ಉಮ್ಮ ಕೇಳುತ್ತಿದ್ದದ್ದು ಬೇರೆ. ನಾನು ಬ್ಯಾಗು ಇಳಿಸುವ ಮೊದಲೇ, "ಇವತ್ತು ಎಂತ ಪಾಠ ಆಯ್ತು?" ಮೊದಲೆಲ್ಲ ಇಡೀ ಶಾಲೆಯ ಪಾಠದಲ್ಲಿ ಒಂದಕ್ಷರ ಕೇಳದವರು. ನನಗೋ ಹಸಿವು. "ಎಂತದೂ ಇಲ್ಲ ಉಮ್ಮ, ಅದೇ" ಎನ್ನುತ್ತಿದ್ದೆ. ಅವರು ಸ್ಟೂಲನ್ನು ಅರ್ಧ ಗೋಡೆಯ ಹತ್ತಿರದಿಂದ ತೆಗೆದಿರಲಿಲ್ಲ. ಅದರ ಮೇಲೆ ಈಗ ಈರುಳ್ಳಿಯ ಬುಟ್ಟಿ.

ಹಾಗಾಗಿ ಒಂದು ದಿನ ಲ್ಯಾಬಿನಲ್ಲಿ ಕೂತು ಮನೆಗೆ ಕಾಲ್ ಮಾಡಿದೆ. "ಉಮ್ಮ, ಮಾತಾಡ್ಬೇಡಿ. ಸುಮ್ಮನೆ ಕೇಳಿ" ಎಂದು ಹೇಳಿ ಫೋನನ್ನು ಪುಸ್ತಕದ ಅಡಿಗೆ ಇಟ್ಟೆ. ಗೇಟಿನ ಹಸಿರಿನ ದೆಸೆಯಿಂದ ಫೋನು ಎಲ್ಲರ ಹತ್ತಿರವೂ ಇತ್ತಲ್ಲ. ನನ್ನ ಜೀವನದಲ್ಲಿ ಮೊದಲ ಸಲ ಒಂದು ಉಪಾಯ ಮಾಡಿ ಅದು ಕೆಲಸ ಮಾಡಿತ್ತು. ವಾರಗಟ್ಟಲೆ ಮಾಡಿತು. ಸಂಜೆ ಮನೆಗೆ ಬಂದರೆ ಉಮ್ಮ ನನಗೇ ಪಾಠ ಹೇಳುತ್ತಿದ್ದರು.

ಲ್ಯಾಬಿನಲ್ಲಿ ನಮ್ಮನ್ನು ಕಾಯಲಿಕ್ಕೆ ಸೂಪರ್‌ವೈಸರ್ ಸರ್ ಕೂರುತ್ತಿದ್ದರು. ಕೇರಳದವರು, ಕನ್ನಡ ಬಾರದು, ಆದ್ದರಿಂದ ನಿದ್ದೆ ಚೆನ್ನಾಗಿ ಬರುತ್ತಿತ್ತು. ಆ ದಿನ ಟೀಚರ್ ಅಡುಗೆಮನೆಯ ಮಾತುಗಳ ಪಾಠ ಮಾಡುತ್ತಿದ್ದರು.

"ಅಕ್ಕಿ ತೊಳೆದ ನೀರಿಗೆ ಏನಂತಾರೆ? ಹುಡುಗರು ಹೇಳಿ ನೋಡೋಣ."

ನಮ್ಮಲ್ಲಿ ಒಬ್ಬ "ರೈಸ್ ವಾಟರ್" ಎಂದ. ಟೀಚರ್ ಮತ್ತೊಮ್ಮೆ ಕೇಳಿದರು. ಮೂರನೆಯ ಸಲ ಕೇಳುವಾಗ ಪುಸ್ತಕದ ಅಡಿಯಿಂದ, ಇನ್ನು ತಡೆದುಕೊಳ್ಳಲಿಕ್ಕಾಗುವುದಿಲ್ಲ ಎನ್ನುವ ಹಾಗೆ, ಒಂದು ದನಿ ಹಾರಿತು:

"ಅಕ್ಕಚ್ಚು ಟೀಚರ್! ಅಕ್ಕಚ್ಚು!"

ಹಿಂದೆಯೇ ಕುಕ್ಕರ್ ಸೀಟಿ ಹೊಡೆಯಿತು.

ಸೂಪರ್‌ವೈಸರ್ ಸರ್ ಎದ್ದು ನಿಂತರು. ಹುಡುಗರ ಕಟ್ಟಡದಲ್ಲಿ ಹೆಂಗಸಿನ ದನಿ! ಮೇಜಿನ ಅಡಿ ನೋಡಿದರು, ಬೀರು ತೆರೆದರು. ಬೀರುವಿನೊಳಗೆ ಹೆಂಗಸು ಹೇಗೆ ಹೋಗುತ್ತಾಳೆ ಎಂದು ಅವರಿಗೆ ಆ ಕ್ಷಣ ಹೊಳೆದಿರಲಿಕ್ಕಿಲ್ಲ. ಅಷ್ಟರಲ್ಲಿ ಸ್ಪೀಕರಿನಿಂದ ಟೀಚರ್ ಗಟ್ಟಿಯಾಗಿ ನಕ್ಕರು.

"ಬಂದ್ರಲ್ಲಾ! ಇಷ್ಟು ದಿನ ಎಲ್ಲಿ ಹೋಗಿದ್ರಿ ಕಣ್ರೀ?"

ಉಮ್ಮ ಏನೋ ಹೇಳಲಿಕ್ಕೆ ಹೊರಟರು. "ಟೀಚರ್, ನಾನು..." ಅಷ್ಟಕ್ಕೆ ಸರ್ ಪುಸ್ತಕ ಎತ್ತಿ ಫೋನು ಕಂಡು ಕಟ್ ಮಾಡಿದರು.

ನಾನು ಮಾಡಿದ ಎಡವಟ್ಟುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಜುಬೈಲಿನಿಂದ ದಮ್ಮಾಮಿನವರೆಗೆ ಟ್ರಾಫಿಕ್ ಜಾಮ್ ಆದೀತು. ಇದನ್ನು ಮಾತ್ರ ಆ ಸಾಲಿಗೆ ಸೇರಿಸುವುದಿಲ್ಲ. ಯಾರು ಏನು ಹೇಳಿದರೂ ಸೇರಿಸುವುದಿಲ್ಲ.

ಹೇಳಿದವರು ಉಪ್ಪ. ಅವರನ್ನು ಆಫೀಸಿಗೆ ಕರೆಸಿದ್ದರು. ಪ್ಲಾಂಟಿನ ಬೂಟು, ನೀಲಿ ಅಂಗಿಯಲ್ಲೇ ಬಂದರು. ಪ್ರಿನ್ಸಿಪಾಲರು ಬಹಳ ಮರ್ಯಾದೆಯಿಂದ, "ನಿಮ್ಮ ಮನೆಯವರ ದನಿ ಹುಡುಗರ ಸೆಕ್ಷನ್ನಿನಲ್ಲಿ ಕೇಳಿದೆ" ಎಂದು ಹಿಂದಿಯಲ್ಲಿ ಹೇಳಿದರಂತೆ. ಉಪ್ಪ ಮನೆಗೆ ಬಂದು ಬೂಟು ಬಿಚ್ಚಲಿಲ್ಲ.

"ಶಾಲೆಗೆ ಹೋಗುವುದು ಯಾರು? ನೀನಾ, ಇವಳಾ?"

ನಾನು ತಮಾಷೆಗೆ, "ನಾನು ಹೋಗುವುದು ಉಪ್ಪ. ಕಲಿಯುವುದು ಉಮ್ಮ" ಎಂದೆ. ನನ್ನ ತಮಾಷೆಗಳಲ್ಲಿ ನಿಜ ಹೇಳಿದ್ದು ಅದೊಂದೇ. ಕೆನ್ನೆಗೆ ಬಿತ್ತು.

ಉಮ್ಮ ಸ್ಟೂಲನ್ನು ಎತ್ತಿಕೊಂಡು ಹೋಗಿ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಜಾಗದಲ್ಲಿಟ್ಟರು. ಅಷ್ಟೇ.

ಚಳಿ ಬಂತು. ಜನವರಿಯಲ್ಲಿ ಒಂದು ದಿನ ಮಳೆ ಸುರಿದು ರಸ್ತೆಯಲ್ಲೆಲ್ಲ ನೀರು ನಿಂತಾಗ, ಪೋಷಕರ ಸಭೆ ಕರೆದರು. ಶಾಲೆ ಪೂರ್ತಿ ತೆರೆದಾಗಿದೆ, ಇನ್ನು ಸ್ಪೀಕರಿನ ಪಾಠವೆಲ್ಲ ಬೇಡ. ಮುಂದಿನ ವರ್ಷಕ್ಕೆ ಮೂರನೇ ಭಾಷೆ ಕನ್ನಡವೋ ಫ್ರೆಂಚೋ, ಪೋಷಕರೇ ಹೇಳಲಿ. ಕನ್ನಡವಾದರೆ ಹುಡುಗರಿಗೆ ಒಬ್ಬ ಸರ್ ತರಿಸುತ್ತಾರೆ, ಸುಮಿತ್ರಾ ಟೀಚರ್ ಹುಡುಗಿಯರಿಗೆ ಕಾಯಂ. ಕೈ ಎತ್ತಬೇಕಾದದ್ದು ಕನ್ನಡದ ಮಕ್ಕಳ ಮನೆಯವರು ಮಾತ್ರ. ಹೊರಗಿನ ವಿರೋಧಿ ಎಂದು ಒಬ್ಬನೂ ಇರಲಿಲ್ಲ. ನಾವು ಗೆದ್ದೇಬಿಟ್ಟೆವು ಎಂದು ನಾನು ತಾಯಿಫಿನ ಚೇತನನಿಗೆ ಮೆಸೇಜು ಕೂಡ ಹಾಕಿದ್ದೆ.

ಸಭೆಯಲ್ಲಿ ಒಬ್ಬ ವಿದ್ಯಾರ್ಥಿ ಕನ್ನಡದಲ್ಲಿ ಎರಡು ನಿಮಿಷ ಮಾತಾಡಬೇಕೆಂದು ಟೀಚರ್ ಸೂಚಿಸಿದ್ದರು. "ಸಫ್ವಾನ್ ಮಾತಾಡಲಿ. ಅವನು ಹೇಗೂ ಮಾತಾಡ್ತಾನೆ" ಎಂದರಂತೆ. ಸಭಾಂಗಣದಲ್ಲಿ ಗಂಡಸರು ಮುಂದೆ, ಪರದೆಯ ಆಚೆ ಹೆಂಗಸರು. ಉಪ್ಪ ಎರಡನೆಯ ಸಾಲಿನಲ್ಲಿ. ಪರದೆಯಾಚೆ ಉಮ್ಮ, ಶಿಫಾ, ಟೀಚರ್. ನಾನು ಮೈಕ್ ಹಿಡಿದು ಮಾತಾಡಿದೆ. ಹೃದಯದಿಂದ ಮಾತಾಡಿದೆ. ನನಗೇ ಕಣ್ಣು ತೇವವಾಯಿತು. ಎಲ್ಲರೂ ನನ್ನನ್ನೇ ಕನಿಕರದಿಂದ ನೋಡುತ್ತಿದ್ದರು. ಎಷ್ಟು ಚೆನ್ನಾಗಿ ತಟ್ಟಿದೆ ಎಂದುಕೊಂಡೆ. ಮುಗಿಸಿ ನಮಸ್ಕಾರ ಮಾಡಿದಾಗ ಫಿಸಿಕ್ಸ್ ಸರ್ ಬಂದು ಮೈಕಿನ ಸ್ವಿಚ್ಚು ಒತ್ತಿದರು. "ಈಗ ಶುರು ಮಾಡು" ಎಂದರು.

ಅಷ್ಟು ದಿನದ ಆನ್‌ಲೈನ್ ಕ್ಲಾಸಿನಲ್ಲಿ ಒಂದು ಸಲವೂ ಅನ್‌ಮ್ಯೂಟ್ ಮರೆಯದವನು ನಾನು.

ಎರಡನೆಯ ಸಲ ಹೇಳಲಿಕ್ಕೆ ಏನೂ ಉಳಿದಿರಲಿಲ್ಲ. "ಕನ್ನಡ ಬೇಕು ಮಾರ್ರೆ" ಎಂದೆ. "ಇಲ್ಲಾಂದ್ರೆ ನನಗೆ ತಂಗಿ ಆಗಿದೆ ಅಂತಲೇ ಹೇಳ್ತಾ ಇರ್ತೇನೆ." ಸಭೆ ಹೊಟ್ಟೆ ಹಿಡಿದು ನಕ್ಕಿತು. ಉಪ್ಪ ಚೆನ್ನಾಗಿ ನಕ್ಕರು. ಪಕ್ಕದವರಿಗೆ, "ನಮ್ಮವನೇ" ಎಂದು ಹೆಮ್ಮೆಯಿಂದ ಹೇಳಿದರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಫೋನಿನ ಮೇಲೆ ಊರಿನ ಕನ್ನಡ ಪೇಪರು ಓದದೆ ಕೆಲಸಕ್ಕೆ ಇಳಿಯದವರು. ರಾಜ್ಯೋತ್ಸವಕ್ಕೆ ಹಳದಿ ಕೆಂಪು ಶಾಲು ಹಾಕಿಕೊಂಡು ಫೋಟೋದಲ್ಲಿ ನಡುವೆ ನಿಲ್ಲುವವರು.

ಕನ್ನಡ ಬೇಕೆನ್ನುವವರು ಕೈ ಎತ್ತಿ ಎಂದರು. ಒಬ್ಬರು ಎತ್ತಿದರು, ಅಕ್ಕಪಕ್ಕ ನೋಡಿ ತಲೆ ಕೆರೆದುಕೊಳ್ಳುವ ಹಾಗೆ ಮಾಡಿ ಇಳಿಸಿದರು. ಫ್ರೆಂಚ್ ಎಂದಾಗ ಕೈಗಳು ಎದ್ದವು. ಎಲ್ಲ ನಮ್ಮವರದ್ದೇ. ಉಡುಪಿಯವರು, ಮೈಸೂರಿನವರು, ಬೆಂಗಳೂರಿನವರು. ಉಪ್ಪನದ್ದು ಎಲ್ಲರಿಗಿಂತ ನೆಟ್ಟಗೆ.

"ಫ್ರೆಂಚಿನಲ್ಲಿ ಮಾರ್ಕ್ಸ್ ಸುಲಭ ಸಿಗ್ತದೆ" ಎಂದರು ಒಬ್ಬರು ಹೊರಗೆ ಬರುವಾಗ. "ಕನ್ನಡ ಊರಿಗೆ ಹೋದ್ರೆ ತನ್ನಷ್ಟಕ್ಕೇ ಬರ್ತದೆ ಮಾರಾಯ್ರೆ, ಅದಕ್ಕೆಂತ ಶಾಲೆ?"

"ಹೌದೌದು" ಎಂದರು ಉಪ್ಪ. "ಮನೆಯಲ್ಲಿ ಉಂಟಲ್ಲ."

ಮನೆಯಲ್ಲಿ ಎಲ್ಲಿತ್ತು ಎಂದು ನನಗೆ ಗೊತ್ತಿತ್ತು. ಬಾಲ್ಕನಿಯಲ್ಲಿ, ಒಣಗಿದ ಬಟ್ಟೆಗಳ ಅಡಿಯಲ್ಲಿ.

ಆ ಸಂಜೆ ಶಿಫಾಳನ್ನು ಕೇಳಿದೆ, ಪರದೆಯ ಆಚೆ ಎಷ್ಟು ಕೈ ಎದ್ದವು ಎಂದು.

"ಅಲ್ಲಿ ಯಾರು ಕೇಳಿದ್ದಾರೆ?" ಎಂದಳು.

"ಉಮ್ಮ?"

"ಉಮ್ಮ ಎತ್ತಿದ್ರು. ಕನ್ನಡ ಅಂದಾಗ್ಲೇ ಎತ್ತಿದ್ರು. ಪರದೆ ಉಂಟಲ್ಲ ಕಾಕಾ, ನಿಮಗೆ ಕಾಣುವುದು ಹೇಗೆ? ಟೀಚರೇ ಮೆಲ್ಲ ಅವರ ಕೈ ಹಿಡಿದು ಇಳಿಸಿದ್ರು."

ಮಾರ್ಚಿನಲ್ಲಿ ಕೊನೆಯ ಕ್ಲಾಸಿಗೆ ಕಿಟಕಿಯ ಟೇಪು ಕಿತ್ತೆ. ಆಚೆಯ ಕಿಟಕಿ ಮುಚ್ಚಿತ್ತು. ಸ್ಪೀಕರಿನಿಂದಲೇ ಟೀಚರ್ ಎಲ್ಲರ ಹೆಸರು ಕರೆದರು. ಹಳೆಯ ಅಭ್ಯಾಸದಲ್ಲಿ ಚೇತನ್ ಹೆಸರನ್ನೂ ಕರೆದರು, ತಡೆದರು, ಮುಂದಿನ ಹೆಸರಿಗೆ ಹೋದರು. ಆಮೇಲೆ ಯಾವತ್ತೂ ಅವರ ದನಿ ಕೇಳಿರಲಿಲ್ಲ, ಮೊನ್ನೆ ಹುಫೂಫಿನ ಆ ಅಂಗಡಿಯವರೆಗೆ.

ಹಪ್ಪಳದ ಸಾಲು ಸುತ್ತಿ ಹೋದೆ. ಶಿಫಾ ಹೇಳಿದ್ದೆಲ್ಲ ಸುಳ್ಳು. ಉದ್ದ ಇಲ್ಲ, ಕನ್ನಡಕವೂ ಇಲ್ಲ. ಪುಟ್ಟ ಹೆಂಗಸು, ಕೈಯಲ್ಲಿ ಬೆಲ್ಲದ ಅಚ್ಚು.

"ನಮಸ್ಕಾರ ಟೀಚರ್. ನಾನು ಸಫ್ವಾನ್. ಜುಬೈಲ್ ಶಾಲೆ."

ಅವರು ನನ್ನ ಮುಖ ನೋಡಿದರು. ಅದರಲ್ಲಿ ಅವರಿಗೆ ಏನು ಸಿಗಬೇಕು? ನನ್ನ ದನಿಯೂ ಈಗ ಡ್ರಮ್ಮಿನೊಳಗಿನಿಂದ ಬಂದ ಹಾಗೆ ಇದೆ. "ಸಫ್ವಾನ್... ಹೂಂ. ಇದ್ದ ಹಾಗೆ ನೆನಪು" ಎಂದರು, ಬಹಳ ಮರ್ಯಾದೆಯಿಂದ. "ತುಂಬ ಮಕ್ಕಳಿದ್ರಲ್ಲಪ್ಪಾ, ಬೇಜಾರು ಮಾಡ್ಕೋಬೇಡ." ಬಳೆಯ ಕಥೆ ನೆನಪಿಸಿದೆ. ನಕ್ಕರು, ಬೇರೆ ಯಾರದ್ದೋ ಕಥೆ ಕೇಳಿ ನಗುವ ಹಾಗೆ. ನಾನು ಅಷ್ಟು ಕಷ್ಟಪಟ್ಟು ಮಾಡಿದ ಮಂಗಾಟಗಳಲ್ಲಿ ಒಂದೂ ಅವರ ಹತ್ತಿರ ಉಳಿದಿರಲಿಲ್ಲ.

ನಾನು ತಡ ಮಾಡಿದ್ದಕ್ಕೆ ಉಮ್ಮ ಕಾರಿನಿಂದ ಇಳಿದು ಬಂದಿದ್ದರು. ನನ್ನನ್ನು ನೋಡುವ ಮೊದಲೇ ಬಾಗಿಲಿನಿಂದ ಅಂಗಡಿಯವನಿಗೆ, "ಅಣ್ಣಾ, ಕುಚ್ಚಲಕ್ಕಿ ದಪ್ಪದ್ದು ಉಂಟಾ?" ಎಂದರು.

ಬೆಲ್ಲದ ಅಚ್ಚು ಟೀಚರ್ ಕೈಯಲ್ಲೇ ನಿಂತಿತು. ಅವರು ತಿರುಗಿದರು.

"ಅಕ್ಕಚ್ಚು" ಎಂದರು.

ಉಮ್ಮ ಅಲ್ಲೇ ನಿಂತರು. ಇಬ್ಬರೂ ಸಭೆಯ ಪರದೆಯ ಹಿಂದೆ ಅಕ್ಕಪಕ್ಕ ಕೂತದ್ದು ಅರ್ಧ ಗಂಟೆ, ಅದೂ ಮಾಸ್ಕ್ ಹಾಕಿಕೊಂಡು. ಆದರೆ ಟೀಚರ್ ಹೋಗಿ ಕೈ ಹಿಡಿದದ್ದು ನೋಡಿದರೆ ಒಂದೇ ಬೆಂಚಿನಲ್ಲಿ ಓದಿದವರ ಹಾಗೆ ಇತ್ತು. ಟೀಚರ್ ಒಂದೇ ಉಸಿರಿಗೆ ಮಾತಾಡಿದರು. ಯಜಮಾನರ ಕೆಲಸ ಮುಗಿಯಿತು, ಮುಂದಿನ ವಾರ ಎಕ್ಸಿಟ್, ಮೈಸೂರಿಗೆ ಹೊರಟಿದ್ದೇವೆ, ಆ ಶಾಲೆ ಬಿಟ್ಟ ಮೇಲೆ ನಾನೂ ಎಲ್ಲಿಯೂ ಕಲಿಸಲಿಲ್ಲ. ಆಮೇಲೆ ಕೇಳಿದರು:

"ನೀವು? ಆಮೇಲೆ ಏನಾದ್ರೂ ಓದಿದ್ರಾ?"

"ಇಲ್ಲ ಟೀಚರ್" ಎಂದರು ಉಮ್ಮ. "ನೀವು ನಿಲ್ಲಿಸಿದಲ್ಲೇ ಇದ್ದೇನೆ."

ಹೊರಗಿನಿಂದ ಹಾರ್ನ್ ಕೇಳಿಸಿತು. ಒಂದು ಸಣ್ಣದು, ಒಂದು ಉದ್ದದ್ದು. ನಾನು ಅವಸರದಲ್ಲಿ ಟೀಚರ್ ನಂಬರ್ ನನ್ನ ಫೋನಿಗೆ ಹಾಕಿಕೊಂಡೆ, ಅಕ್ಕಿ ಹೆಗಲಿಗೆ ಹಾಕಿಕೊಂಡೆ. ಬೀಳಿಸಲಿಲ್ಲ.

"ಯಾರದು, ಅಷ್ಟು ಹೊತ್ತು ಮಾತು?" ಎಂದರು ಉಪ್ಪ ಕಾರು ಹೊರಡಿಸುತ್ತಾ.

"ನನ್ನ ಟೀಚರ್" ಎಂದರು ಉಮ್ಮ.

ಉಪ್ಪ ಸ್ಟೇರಿಂಗಿಗೆ ಬಡಿದು ನಕ್ಕರು. "ನಿನ್ನ ಟೀಚರಾ! ನೀನೂ ಮಗನ ಹಾಗೆ ಜೋಕು ಕಲಿತಿದ್ದೀ."

ಕಿಟಕಿಯಾಚೆ ಖರ್ಜೂರದ ತೋಟಗಳು ಮುಗಿದು ಮರಳು ಶುರುವಾಯಿತು. ನನಗೆ ಒಂದು ಜೋಕೂ ಹೊಳೆಯಲಿಲ್ಲ. ಮುಂದಕ್ಕೆ ಬಾಗಿ ಮೆಲ್ಲಗೆ ಹೇಳಿದೆ, "ಉಮ್ಮ, ಟೀಚರ್ ನಂಬರ್ ಉಂಟು. ನಿಮ್ಮ ಫೋನಿಗೆ ಹಾಕಲಾ?"

"ಎಂತಕೆ ಮಗಾ" ಎಂದರು ಉಮ್ಮ. ತಿರುಗಲಿಲ್ಲ.

ಉಪ್ಪ ಇನ್ನೂ ನಗುತ್ತಲೇ ಇದ್ದರು.